ವಂಶವಾಹಿ ಎಂಬ ಶಬ್ದವೂ ಸ್ವಲೀನತೆಯ ಸಂಶೋಧನೆಯೂ

ಇಂಗ್ಲಿಷಿನ 'ಜೀನ್' ಎಂಬ ಪಾರಿಭಾಷಿಕಕ್ಕೆ ಕನ್ನಡದಲ್ಲಿ 'ವಂಶವಾಹಿ' ಎಂಬ ಶಬ್ದವು ನೆಲೆನಿಂತು ಅನೇಕ ವರ್ಷಗಳಾದುವು. ಪಠ್ಯಪುಸ್ತಕಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ವೈದ್ಯರ ಮಾತಿನಲ್ಲಿಯೂ ಅದೇ ಕೇಳಿಬರುತ್ತದೆ. ಬಟಾಣಿಯ ಹೂವಿನ ಬಣ್ಣ, ಮನೆತನದಲ್ಲಿ ಹರಿದುಬರುವ ಕಣ್ಣು ಮೂಗುಗಳ ಹೋಲಿಕೆ, ಇಂತಹ ವಿಷಯಗಳನ್ನು ಹೇಳುವಾಗ ಅದರಿಂದ ಬಾಧೆಯೇನೂ ಇಲ್ಲ. ಆದರೆ ಸ್ವಲೀನತೆಯೆಂದು ಕನ್ನಡದಲ್ಲಿ ಕರೆಯಲ್ಪಡುವ ಆಟಿಸಂ, ಅದರ ನೆರೆಯವೇ ಆದ ಬುದ್ಧಿಮಾಂದ್ಯ, ಬಾಲಾಪಸ್ಮಾರ ಮುಂತಾದ ನರವಿಕಾಸ ಸಂಬಂಧವಾದ ಸ್ಥಿತಿಗಳ ಕಾರಣವನ್ನು ನಿರೂಪಿಸುವಾಗ ಈ ಶಬ್ದವು ಸಂಶೋಧಕರು ಹೇಳದ ಮಾತೊಂದನ್ನು ತಾನೇ ಹೇಳಿಬಿಡುತ್ತದೆ. ಆ ಮಾತು ಯಾವುದು, ಅದರಿಂದ ಯಾರಿಗೆ ಹಾನಿ ಎಂಬುದು ವಿಚಾರಣೀಯವಾಗಿದೆ.

ಪರಿಭಾಷೆಯ ಪರೀಕ್ಷೆಯು ವಿದ್ವತ್ಸಭೆಯಲ್ಲಿ ಮಾತ್ರ ನಡೆಯತಕ್ಕದ್ದಲ್ಲ. ಹೂವಿನಹಡಗಲಿ ತಾಲ್ಲೂಕಿನ ಹೊಳಲನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಳಗನ್ನಡದಲ್ಲಿ ಪೊೞಲ್ ಎಂದರೆ ಪಟ್ಟಣ. ಇಂದು ಅದು ಗ್ರಾಮವೆನಿಸಿಕೊಂಡಿದೆ. ೧೯೫೩ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಊರು, ೨೦೨೧ರಿಂದ ವಿಜಯನಗರ ಜಿಲ್ಲೆಯದು. ಇಂತಹ ಊರಿನ ಒಂದು ಮನೆಯಲ್ಲಿ ಮೂರು ವರ್ಷದ ಮಗುವು ಮಾತು ಕಲಿಯಲಿಲ್ಲ, ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ, ಬಂಡಿಯ ಆಟಿಕೆಯ ಗಾಲಿಯೊಂದನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕುಳಿತಿರುತ್ತದೆ ಎಂದಿಟ್ಟುಕೊಳ್ಳೋಣ. ದೂರದ ನಗರಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಿದ ಮೇಲೆ 'ಇದು ವಂಶವಾಹಿಯ ದೋಷ' ಎಂಬ ಉತ್ತರ ದೊರೆಯುತ್ತದೆ. ಊರಿಗೆ ಮರಳಿದೊಡನೆ ಆ ಮನೆಯ ಪಡಸಾಲೆಯಲ್ಲಿ ಏಳುವ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ. ಈ ದೋಷವು ತಂದೆಯ ಕಡೆಯದೋ ತಾಯಿಯ ಕಡೆಯದೋ? ಮಗುವಿನ ಅತ್ತೆಯ, ಚಿಕ್ಕಮ್ಮನ ಲಗ್ನದ ಮಾತು ಮುಂದುವರಿಯುವುದೋ ಇಲ್ಲವೋ? ಉತ್ತರ ಹೇಳಬೇಕಾದವಳು ಸಾಮಾನ್ಯವಾಗಿ ಹೊರಗಿನಿಂದ ಬಂದ ಸೊಸೆ. ವೈದ್ಯನು ಆಡಿದ್ದು ಒಂದು ಅಣುವಿನ ವಿಷಯ. ಕೇಳಿದವರಿಗೆ ತಿಳಿದದ್ದು ಒಂದು ಕುಲದ ವಿಷಯ. ಇಲ್ಲಿ ಕೇಳಿದವರ ತಪ್ಪೇನೂ ಇಲ್ಲ, ಶಬ್ದವು ಹೇಳಿದ್ದನ್ನೇ ಅವರು ಕೇಳಿದರು.

ವಂಶವಾಹಿ ಎಂಬುದು ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾದ ಶಬ್ದ. ವಂಶವೆಂದರೆ ಮೊದಲು ಬಿದಿರು, ಗಿಣ್ಣಿನ ಮೇಲೆ ಗಿಣ್ಣಾಗಿ ಬೆಳೆಯುವ ಸಾಮ್ಯದಿಂದ ಆಮೇಲೆ ಕುಲ. ವಹ್ ಧಾತುವಿನ ಮೇಲೆ ಣಿನಿ ಪ್ರತ್ಯಯವು ಬಂದು ವಾಹಿ ಎಂದಾಗಿದೆ. ಪಾಣಿನಿಯು ಈ ಪ್ರತ್ಯಯವನ್ನು ತಾಚ್ಛೀಲ್ಯದಲ್ಲಿ, ಎಂದರೆ ಆ ಕೆಲಸವೇ ಸ್ವಭಾವವಾಗಿರುವಲ್ಲಿ, ವಿಧಿಸಿದ್ದಾನೆ. ಆದುದರಿಂದ ವಂಶವನ್ನು ಹೊತ್ತುತರುವುದೇ ಯಾವುದರ ಶೀಲವೋ ಅದು ವಂಶವಾಹಿ. ಹೊಸದಾಗಿ ಹುಟ್ಟಿದ್ದಕ್ಕೆ, ಹಿಂದಿನವರಲ್ಲಿ ಯಾರಲ್ಲಿಯೂ ಇಲ್ಲದ್ದಕ್ಕೆ, ಈ ಶಬ್ದದಲ್ಲಿ ಎಡೆಯೇ ಇಲ್ಲ.

ಇದಕ್ಕೆ ಪ್ರತಿಯಾಗಿ ಮೂಲಶಬ್ದವು ಹುಟ್ಟಿದ ಬಗೆಯನ್ನು ನೋಡಬೇಕು. ಡೆನ್ಮಾರ್ಕಿನ ಸಸ್ಯಶಾಸ್ತ್ರಜ್ಞನಾದ ಯೋಹಾನ್ಸನ್ನನು ೧೯೦೯ರಲ್ಲಿ 'ಜೀನ್' ಎಂಬುದನ್ನು ರಚಿಸಿದನು. ಅದಕ್ಕೆ ಹಿಂದೆ ಇದ್ದ 'ಪ್ಯಾಂಜೀನ್' ಎಂಬ ಶಬ್ದವು ಡಾರ್ವಿನ್ನನ ಊಹಾವಾದವೊಂದರ ವಾಸನೆಯುಳ್ಳದ್ದಾಗಿದ್ದುದರಿಂದ ಅದರ ತಲೆಯನ್ನು ಕತ್ತರಿಸಿ ಬಾಲವನ್ನು ಮಾತ್ರ ಉಳಿಸಿಕೊಂಡನು. ಯಾವ ಸಿದ್ಧಾಂತವನ್ನೂ ಮೊದಲೇ ಒಪ್ಪಿಸದ ಬರಿಯ ಹೆಸರೊಂದು ಬೇಕೆಂಬುದೇ ಅವನ ಆಶಯವಾಗಿತ್ತು. ಯಾವ ಭಾರವನ್ನು ಆತನು ಉದ್ದೇಶಪೂರ್ವಕವಾಗಿ ಇಳಿಸಿದನೋ ಅಂತಹದೇ ಭಾರವನ್ನು ಕನ್ನಡದ ಅನುವಾದವು ಮತ್ತೆ ಹೊರಿಸಿದೆ. ಆ ಶಬ್ದದ ಮೂಲದಲ್ಲಿರುವ ಗ್ರೀಕ್ ಧಾತುವು ಸಂಸ್ಕೃತದ ಜನ್ ಧಾತುವಿನ ಸೋದರವೆಂಬುದು ಇಲ್ಲಿ ಸ್ಮರಣೀಯ. ಹುಟ್ಟುವುದು ಎಂದಷ್ಟೇ ಅದರ ಅರ್ಥ, ಹೊರುವುದು ಎಂದಲ್ಲ.

ಇನ್ನು ಸಂಶೋಧನೆಯ ಕಡೆಗೆ ತಿರುಗಬಹುದು. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯನಾದ ಲಿಯೋ ಕ್ಯಾನರನು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಇದು ಹುಟ್ಟಿನಿಂದಲೇ ಬಂದ ಸ್ಥಿತಿಯೆಂದು ಅಭಿಪ್ರಾಯಪಟ್ಟನು. ಅದೇ ಲೇಖನದಲ್ಲಿ ತಂದೆತಾಯಿಗಳಲ್ಲಿ ಮಮತೆಯ ಬಿಸುಪು ಕಡಿಮೆಯೆಂಬ ಸೂಚನೆಯನ್ನೂ ಸೇರಿಸಿದನು. ಮುಂದಿನವರು ಮೊದಲನೆಯ ಮಾತನ್ನು ಬಿಟ್ಟು ಎರಡನೆಯದನ್ನು ಹಿಡಿದರು. ತಾಯಿಯ ಎದೆಯ ಶೈತ್ಯವೇ ಮಗುವಿನ ಮೌನಕ್ಕೆ ಕಾರಣವೆಂಬ ವಾದವು ೧೯೬೭ರಲ್ಲಿ ಬೆಟ್ಟೆಲ್‌ಹೈಮನ ಗ್ರಂಥದಿಂದ ಬಹಳ ಪ್ರಚಾರಕ್ಕೆ ಬಂದಿತು. ಅದಕ್ಕೆ ಮೂರು ವರ್ಷ ಮೊದಲೇ, ತಾನೂ ಅಂತಹ ಮಗುವಿನ ತಂದೆಯಾಗಿದ್ದ ರಿಮ್ಲೆಂಡನು ಈ ವಾದವನ್ನು ಖಂಡಿಸಿದ್ದನು. ಆದರೆ ಖಂಡನೆಯು ಬೇರೂರಲು ಎಣಿಕೆಯ ಸಾಕ್ಷ್ಯವು ಬೇಕಾಗಿತ್ತು. ೧೯೭೭ರಲ್ಲಿ ಫೋಲ್‌ಸ್ಟೀನ್ ಮತ್ತು ರಟ್ಟರ್ ಎಂಬವರು ಇಪ್ಪತ್ತೊಂದು ಜೊತೆ ಅವಳಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದಾದ ಹನ್ನೊಂದು ಜೊತೆಗಳಲ್ಲಿ ನಾಲ್ಕರಲ್ಲಿ ಇಬ್ಬರು ಮಕ್ಕಳೂ ಸ್ವಲೀನರಾಗಿದ್ದರು; ಬೇರೆ ಬೇರೆ ಅಂಡಗಳಿಂದಾದ ಹತ್ತು ಜೊತೆಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಸಂಖ್ಯೆ ಸಣ್ಣದಾದರೂ ಅದರ ಬಲ ದೊಡ್ಡದು. ತಾಯಿಯ ಮೇಲಣ ಆರೋಪವು ಅಲ್ಲಿಂದ ಕುಸಿಯತೊಡಗಿತು.

ಇಷ್ಟಕ್ಕೆ ನಿಂತಿದ್ದರೆ ವಂಶವಾಹಿ ಎಂಬ ಶಬ್ದವನ್ನು ಆಕ್ಷೇಪಿಸಲು ಕಾರಣವಿರುತ್ತಿರಲಿಲ್ಲ. ಆದರೆ ೨೦೦೭ರಲ್ಲಿ ಸೆಬಾಟ್ ಮೊದಲಾದವರು ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದೆ ಮಗುವಿನಲ್ಲಿ ಮಾತ್ರ ಕಾಣುವ ವರ್ಣತಂತುವಿನ ಏರುಪೇರುಗಳನ್ನು ಹುಡುಕಿದರು. ಮನೆಯಲ್ಲಿ ಒಂದೇ ಮಗು ಸ್ವಲೀನವಾಗಿದ್ದ ಪಕ್ಷದಲ್ಲಿ ೧೧೮ ಮಕ್ಕಳ ಪೈಕಿ ೧೨ ಮಂದಿಯಲ್ಲಿ ಅವು ದೊರೆತುವು. ಸ್ವಲೀನತೆಯಿಲ್ಲದ ೧೯೬ ಮಂದಿಯಲ್ಲಿ ಇಬ್ಬರಲ್ಲಿ ಮಾತ್ರ. ಅದಾದ ಎರಡು ವರ್ಷಗಳ ಮೇಲೆ ಕೆನಡಾದೇಶದ ವೈದ್ಯರು ಬುದ್ಧಿಮಾಂದ್ಯವಿದ್ದ ೯೪ ಮಂದಿಯನ್ನು ಪರೀಕ್ಷಿಸಿ, ಮೂವರಲ್ಲಿ ಸಿನ್‌ಗ್ಯಾಪ್-೧ ಎಂಬ ಒಂದೇ ಜೀನಿನಲ್ಲಿ ಹೊಸದಾಗಿ ಉಂಟಾದ ಭಂಗವನ್ನು ಕಂಡರು. ಈ ಜೀನಿನ ವ್ಯಾಪಾರವನ್ನು ಇಲಿಗಳಲ್ಲಿ ಶೋಧಿಸಿದ ೨೦೧೨ರ ಪ್ರಸಿದ್ಧ ಲೇಖನದ ಮೊದಲ ಕರ್ತೃವಾದ ಜೇಮ್ಸ್ ಕ್ಲೆಮೆಂಟ್ ಅವರು ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಆ ಕಾರ್ಯವನ್ನು ಮುಂದುವರಿಸಿರುವರು. ಎರಡು ಪ್ರತಿಗಳ ಪೈಕಿ ಒಂದು ಕೆಟ್ಟಿದ್ದರೆ ಮಿದುಳಿನ ನರಕೋಶಗಳ ಸಂಧಿಸ್ಥಾನಗಳು ನಿಧಾನವಾಗಿ ಬಲಿಯುವ ಬದಲು ಕಾಲಕ್ಕೆ ಮುಂಚೆಯೇ ಬಲಿತುಬಿಡುತ್ತವೆಂಬುದು ಆ ಲೇಖನದ ಸಾರ. ಹೂವು ಕಾಯಾಗುವ ಮೊದಲೇ ಹಣ್ಣಿನ ಬಣ್ಣ ಬಂದಂತೆ ಎನ್ನಬಹುದು. ಕಲಿಯುವುದಕ್ಕೆಂದು ಪ್ರಕೃತಿಯು ಕೊಟ್ಟ ಅವಕಾಶವು ಅಷ್ಟರಮಟ್ಟಿಗೆ ಮೊಟಕಾಗುತ್ತದೆ. ಕರ್ನಾಟಕದ ನೆಲದಲ್ಲಿಯೇ ನಡೆಯುತ್ತಿರುವ ಈ ಶೋಧನೆಯ ವಿಷಯವಾದ ಭಂಗವು ಬಹುಮಟ್ಟಿಗೆ ವಂಶದಿಂದ ಬಂದದ್ದಲ್ಲ. ಕನ್ನಡದಲ್ಲಿ ಹೇಳುವಾಗ ಮಾತ್ರ ಅದು ವಂಶವಾಹಿಯ ದೋಷ.

ಹೊಸ ಭಂಗಗಳು ಎಲ್ಲಿ ಹುಟ್ಟುತ್ತವೆ? ೨೦೧೨ರಲ್ಲಿ ಐಸ್‌ಲೆಂಡಿನಲ್ಲಿ ೭೮ ಕುಟುಂಬಗಳನ್ನು ಪರೀಕ್ಷಿಸಿದಾಗ, ತಂದೆಯ ವಯಸ್ಸು ಒಂದೊಂದು ವರ್ಷ ಏರಿದಂತೆ ಮಗುವಿನಲ್ಲಿ ಸುಮಾರು ಎರಡೆರಡು ಹೊಸ ಅಕ್ಷರವ್ಯತ್ಯಾಸಗಳು ಹೆಚ್ಚುತ್ತವೆಂದು ತಿಳಿದುಬಂದಿತು. ಗ್ರಂಥವನ್ನು ಮತ್ತೆ ಮತ್ತೆ ಪ್ರತಿಮಾಡುವ ಲಿಪಿಕಾರನ ಕೈತಪ್ಪಿಗೆ ಇದು ಸಮಾನ. ಓಲೆಗರಿಯ ಪ್ರತಿಗಳನ್ನು ಶೋಧಿಸಿದವರಿಗೆ ಈ ನ್ಯಾಯವು ಸುಪರಿಚಿತ: ಮಾತೃಕೆಯಲ್ಲಿ ಇಲ್ಲದ ಪಾಠವು ಪ್ರತಿಯಲ್ಲಿ ಕಂಡರೆ ಅದನ್ನು ಕವಿಯ ಮೇಲಾಗಲಿ ಸಂಪ್ರದಾಯದ ಮೇಲಾಗಲಿ ಯಾರೂ ಹೊರಿಸುವುದಿಲ್ಲ. ಈ ವ್ಯತ್ಯಾಸಗಳಲ್ಲಿ ಬಹುಪಾಲು ನಿರುಪದ್ರವಿಗಳು. ಎಲ್ಲ ಮನುಷ್ಯರಲ್ಲಿಯೂ ಅವು ಇರುತ್ತವೆ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ನ್ಯಾಯವೇ. ಸ್ವಲೀನತೆಯಲ್ಲಿ ಆನುವಂಶಿಕತೆಯ ಪಾಲು ಬಹಳ ಹೆಚ್ಚೆಂದು ಅದೇ ಸಂಶೋಧಕರು ಹೇಳುತ್ತಾರಲ್ಲವೆ? ೨೦೧೯ರಲ್ಲಿ ಐದು ದೇಶಗಳ ಸುಮಾರು ಇಪ್ಪತ್ತು ಲಕ್ಷ ಮಕ್ಕಳ ದಾಖಲೆಗಳಿಂದ ಲೆಕ್ಕ ಹಾಕಿದಾಗ ಆ ಪಾಲು ನೂರಕ್ಕೆ ಎಂಬತ್ತರಷ್ಟೆಂದು ಬರಲಿಲ್ಲವೆ? ಹಾಗಿರುವಾಗ ವಂಶವಾಹಿ ಎಂಬುದರಲ್ಲಿ ದೋಷವೇನು ಎಂದು ಕೇಳಬಹುದು. ಸಮಾಧಾನವೇನೆಂದರೆ, ಆ ಎಂಬತ್ತು ಒಂದು ಜನಸಮೂಹದಲ್ಲಿರುವ ವ್ಯತ್ಯಾಸಗಳನ್ನು ಕುರಿತ ಸಂಖ್ಯೆ. ಒಂದು ಮಗುವಿನ ವಿಷಯದಲ್ಲಿ 'ಇದರ ಎಂಬತ್ತು ಪಾಲು ಅಜ್ಜನಿಂದ ಬಂತು' ಎಂದು ಅದರ ಅರ್ಥವಲ್ಲ. ಅದರ ಬಹುಭಾಗವು ಸಾವಿರಾರು ಅತಿಸೂಕ್ಷ್ಮ ವ್ಯತ್ಯಾಸಗಳ ಕೂಟದಿಂದಾದದ್ದು. ಅವುಗಳಲ್ಲಿ ಒಂದೊಂದೂ ಊರಿನ ಪ್ರತಿಯೊಂದು ಮನೆಯಲ್ಲಿಯೂ ಇರತಕ್ಕದ್ದೇ. ಎಲ್ಲ ವಂಶಗಳಿಗೂ ಸಾಧಾರಣವಾದದ್ದು ಒಂದು ವಂಶದ ಕಳಂಕವಾಗಲಾರದು. ೨೦೨೦ರಲ್ಲಿ ೩೫,೫೮೪ ಮಂದಿಯ ಪರೀಕ್ಷೆಯಿಂದ ಸ್ವಲೀನತೆಯೊಡನೆ ಸಂಬಂಧವುಳ್ಳ ೧೦೨ ಜೀನುಗಳನ್ನು ಹೆಸರಿಸಿದ ಪಟ್ಟಿಯು ಬೇರೆ ಬಗೆಯದು. ಒಂದೊಂದೇ ಭಂಗದಿಂದ ದೊಡ್ಡ ಪರಿಣಾಮವನ್ನುಂಟುಮಾಡುವ ಜೀನುಗಳವು. ಅವುಗಳ ಪ್ರಬಲವಾದ ಭಂಗಗಳು ಹೆಚ್ಚಾಗಿ ಹೊಸಹುಟ್ಟಿನವು.

ವಂಶದಿಂದಲೇ ಬರುವ ಪ್ರಸಂಗಗಳೂ ನಿಶ್ಚಯವಾಗಿ ಉಂಟು. ಅವನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಎಫ್‌ಎಮ್‌ಆರ್-೧ ಎಂಬ ಜೀನಿನಲ್ಲಿ ಮೂರಕ್ಷರದ ಆವೃತ್ತಿಯು ತಾಯಿಯಿಂದ ಮಗುವಿಗೆ ಬರುವಾಗ ಉದ್ದವಾಗಿ, ಇನ್ನೂರನ್ನು ಮೀರಿದರೆ ಜೀನು ಮೂಕವಾಗುತ್ತದೆಂದು ೧೯೯೧ರಲ್ಲಿ ತಿಳಿಯಿತು. ಹೊತ್ತು ತಂದ ಹೊರೆಯೇ ದಾರಿಯಲ್ಲಿ ಬೆಳೆದ ವಿಚಿತ್ರವಿದು. ಇನ್ನೊಂದು ಪ್ರಸಂಗವು ಹೊಳಲಿಗೆ, ಮತ್ತು ತೆಂಕಣ ಸೀಮೆಗೆಲ್ಲ, ನೇರವಾಗಿ ಸಂಬಂಧಪಟ್ಟದ್ದು: ಸೋದರಸಂಬಂಧದ ಮದುವೆ. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದು ದಾಕ್ಷಿಣಾತ್ಯರ ವಿಶೇಷಾಚಾರವೆಂದು ಬೌಧಾಯನನು ಬಹು ಹಿಂದೆಯೇ ಎಣಿಸಿದ್ದಾನೆ. ಹದಿನಾಲ್ಕನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರು ಪರಾಶರಸ್ಮೃತಿಯ ವ್ಯಾಖ್ಯಾನದಲ್ಲಿ ಮಾತುಲಸುತಾವಿವಾಹವನ್ನು ದೀರ್ಘವಾಗಿ ಸಮರ್ಥಿಸಿರುವರು. ಧರ್ಮಶಾಸ್ತ್ರದ ವಿವಾದವು ಅಲ್ಲಿಗಿರಲಿ. ೧೯೮೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರೂ ಲಂಡನ್ನಿನ ಬಿಟಲ್ಸ್ ಅವರೂ ಸಹಕಾರಿಗಳೊಡನೆ ಬೆಂಗಳೂರು ಮೈಸೂರುಗಳ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲೊಂದು ಮದುವೆಯು ಇಂತಹ ನಂಟಿನದೆಂದು ಕಂಡುಬಂದಿತು. ಅಕ್ಕನ ಮಗಳನ್ನು ಮದುವೆಯಾದವನ ಮಗುವಿನಲ್ಲಿ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವವು ಎಂಟರಲ್ಲೊಂದು; ಮಾವನ ಮಗಳಾದರೆ ಹದಿನಾರರಲ್ಲೊಂದು. ಎರಡೂ ಪ್ರತಿಗಳು ಕೆಟ್ಟರೆ ಮಾತ್ರ ತೋರುವ ರೋಗಗಳು ಇದರಿಂದ ಹೆಚ್ಚುತ್ತವೆ. ೨೦೦೮ರಲ್ಲಿ ಪಶ್ಚಿಮ ಏಷ್ಯಾದ ಅಂತಹ ಕುಟುಂಬಗಳನ್ನು ಪರೀಕ್ಷಿಸಿದ ವಿದ್ವಾಂಸರು ಸ್ವಲೀನತೆಯ ಕೆಲವು ಕಾರಣಗಳನ್ನು ಈ ದಾರಿಯಲ್ಲಿಯೇ ಹಿಡಿದರು. ಇಲ್ಲಿ 'ವಂಶವಾಹಿ' ಎಂದರೆ ಮಾತು ಸರಿಯಾಗಿದೆ. ಹಾಗಾದರೆ ಹೊಳಲಿನ ಆ ಮನೆಗೆ ತಿಳಿಯಬೇಕಾದದ್ದು, ತಮ್ಮ ಮಗುವಿನಲ್ಲಿ ನಡೆದದ್ದು ಮೊದಲನೆಯ ಬಗೆಯೋ ಎರಡನೆಯ ಬಗೆಯೋ ಎಂಬುದು. ಮೊದಲನೆಯದಾದರೆ ಮುಂದಿನ ಮಗುವಿಗೆ ಅದೇ ಭಂಗ ಬರುವ ಭಯ ಅತ್ಯಲ್ಪ. ಎರಡನೆಯದಾದರೆ ಪ್ರತಿ ಸಲವೂ ನಾಲ್ಕರಲ್ಲೊಂದು. ಇಷ್ಟು ದೊಡ್ಡ ಭೇದವನ್ನು ಒಂದೇ ಶಬ್ದವು ನುಂಗಿಹಾಕಿದರೆ ಆ ಶಬ್ದದಿಂದ ಪ್ರಯೋಜನವೇನು?

ಇನ್ನೊಂದು ಅಭ್ಯಾಸವನ್ನೂ ಇಲ್ಲಿಯೇ ವಿಚಾರಿಸತಕ್ಕದ್ದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವ ಎಂಬ ಮೂರು ಶಬ್ದಗಳು ಬರುತ್ತವೆ. ಬೀಜಭಾಗವೆಂದರೆ ವರ್ಣತಂತು, ಬೀಜಭಾಗಾವಯವವೆಂದರೆ ಜೀನು, ಆದುದರಿಂದ ಪಾಶ್ಚಾತ್ಯರು ಕಂಡುಹಿಡಿದದ್ದೆಲ್ಲವೂ ಚರಕನಿಗೆ ಗೊತ್ತಿತ್ತು ಎಂದು ಅನೇಕ ಆಧುನಿಕ ಆಯುರ್ವೇದ ಲೇಖನಗಳಲ್ಲಿ ಓದಸಿಗುತ್ತದೆ. ಇದು ಚರಕನಿಗೆ ಗೌರವವೂ ಅಲ್ಲ, ಸತ್ಯವೂ ಅಲ್ಲ. ಚರಕನ ಮತದಲ್ಲಿ ಬೀಜದ ಯಾವ ಭಾಗವು ಯಾವ ಅಂಗಕ್ಕೆ ಮೂಲವೋ ಆ ಭಾಗವು ಕೆಟ್ಟರೆ ಆ ಅಂಗವು ಕೆಡುತ್ತದೆ, ಅಂಗಕ್ಕೊಂದು ಬೀಜಾಂಶ. ಇದಕ್ಕೆ ಹತ್ತಿರವಾದದ್ದು ೧೮೬೮ರಲ್ಲಿ ಡಾರ್ವಿನ್ನನು ಊಹಿಸಿದ, ಒಂದೊಂದು ಅವಯವದಿಂದಲೂ ಬಂದು ಬೀಜದಲ್ಲಿ ಸೇರುವ ಕಣಗಳ ವಾದ. ಯೋಹಾನ್ಸನ್ನನು ತನ್ನ ಶಬ್ದದಿಂದ ಹೊರಹಾಕಿದ್ದು ಅದನ್ನೇ. ಜೀನಿನ ನಡವಳಿಕೆ ಹಾಗಲ್ಲ. ಸಿನ್‌ಗ್ಯಾಪ್-೧ ಒಂದೇ ಕೆಟ್ಟರೂ ಒಂದು ಮಗುವಿನಲ್ಲಿ ಅಪಸ್ಮಾರವು ಮುಂದಾಗಬಹುದು, ಇನ್ನೊಂದರಲ್ಲಿ ಸ್ವಲೀನತೆ, ಮತ್ತೊಂದರಲ್ಲಿ ಬುದ್ಧಿಮಾಂದ್ಯ. ಸ್ವಲೀನತೆಯೊಂದಕ್ಕೆ ನೂರಾರು ಜೀನುಗಳು ಕಾರಣವಾಗಬಲ್ಲವು. ಅಂಗಕ್ಕೊಂದು ಅಂಶವೆಂಬ ಲೆಕ್ಕವು ಇಲ್ಲಿ ಎರಡು ತುದಿಯಲ್ಲಿಯೂ ತಪ್ಪುತ್ತದೆ.

ಈ ಸಮೀಕರಣದ ಭರದಲ್ಲಿ ಚರಕನ ನಿಜವಾದ ಹಿರಿಮೆಯು ಮರೆಯಾಗುತ್ತಿರುವುದು ವಿಷಾದದ ಸಂಗತಿ. ಶಾರೀರಸ್ಥಾನದ ಮೂರನೆಯ ಅಧ್ಯಾಯದಲ್ಲಿ ಭರದ್ವಾಜನು ಆತ್ರೇಯನಿಗೆ ತೀಕ್ಷ್ಣವಾದ ಪ್ರಶ್ನೆಯನ್ನು ಹಾಕುತ್ತಾನೆ: ಮನುಷ್ಯನಿಂದ ಮನುಷ್ಯನು ಹುಟ್ಟುವುದಾದರೆ ಜಡ, ಅಂಧ, ಮೂಕ, ಉನ್ಮತ್ತ ಮೊದಲಾದವರ ಮಕ್ಕಳು ಏತಕ್ಕೆ ತಂದೆತಾಯಿಗಳಂತೆಯೇ ಇರುವುದಿಲ್ಲ? ಆತ್ರೇಯನ ಉತ್ತರದಲ್ಲಿ ಬೀಜದ ಯಾವ ಅಂಶಕ್ಕೆ ಉಪತಾಪವೋ ಅಷ್ಟಕ್ಕೆ ಮಾತ್ರ ವಿಕಾರ, ಉಪತಾಪವಿಲ್ಲದಿದ್ದರೆ ಇಲ್ಲ ಎಂಬುದೊಂದು; ಇಂದ್ರಿಯಗಳ ವಿಷಯದಲ್ಲಿ ದೈವವೂ ಹೇತುವಾದುದರಿಂದ ಜಡರ ಮಕ್ಕಳು ಏಕಾಂತವಾಗಿ, ಎಂದರೆ ನಿಯಮೇನ, ಜಡರಾಗುವುದಿಲ್ಲ ಎಂಬುದು ಇನ್ನೊಂದು. ಜೀನಿನ ಹೆಸರೇ ಇಲ್ಲದ ಕಾಲದಲ್ಲಿ, ಕಣ್ಣಿಗೆ ಕಂಡ ಅಪವಾದವನ್ನು ಬಚ್ಚಿಡದೆ ಸಿದ್ಧಾಂತದ ಎದುರಿಗೆ ನಿಲ್ಲಿಸಿದ ಧೈರ್ಯವಿದು. ದೈವವೆಂಬ ಕಾರಣವನ್ನು ಇಂದಿನ ಸಂಶೋಧಕನು ಒಪ್ಪಲಾರನು. 'ಏಕಾಂತವಾಗಿ ಅಲ್ಲ' ಎಂಬ ನಿರ್ಣಯವನ್ನು ಒಪ್ಪದೆ ಇರಲಾರನು.

ಪ್ರಾಚೀನರ ಪಕ್ಷದಲ್ಲಿ ಒಪ್ಪಲಾಗದ ಮಾತನ್ನೂ ಹೇಳಿಯೇ ತೀರಬೇಕು. ಸುಶ್ರುತನು ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ವಿಂಗಡಿಸುವಾಗ ಶುಕ್ರಶೋಣಿತಗಳ ದೋಷದಿಂದ ಬರುವ ಆದಿಬಲಪ್ರವೃತ್ತಗಳಲ್ಲಿ ಕುಷ್ಠವನ್ನೂ ಅರ್ಶಸ್ಸನ್ನೂ ಹೇಳಿ, ಮೂಕ, ಬಧಿರ, ಮಿನ್ಮಿನ ಮೊದಲಾದವರನ್ನು ಜನ್ಮಬಲಪ್ರವೃತ್ತವೆಂಬ ಬೇರೆ ವರ್ಗದಲ್ಲಿ ಇಟ್ಟಿದ್ದಾನೆ. ಆ ವರ್ಗದ ಕಾರಣವು ಬೀಜವಲ್ಲ, ಗರ್ಭಿಣಿಯ ಅಪಚಾರ. ಆಕೆಯ ಬಯಕೆಯನ್ನು ಸಲ್ಲಿಸದಿದ್ದರೆ ಜಡನಾದ ಮಗನು ಹುಟ್ಟುವನೆಂದು ಬೇರೆ ಕಡೆಯಲ್ಲಿ ಹೇಳಿದೆ. ಚರಕನ ಎಂಟನೆಯ ಅಧ್ಯಾಯದಲ್ಲಂತೂ ಸದಾ ನಿದ್ರಿಸುವವಳ ಮಗುವು ಮಂದವಾಗುವುದು, ಜಗಳಗಂಟಿಯ ಮಗುವಿಗೆ ಅಪಸ್ಮಾರ, ಸಿಹಿಯನ್ನೇ ತಿನ್ನುವವಳಿಗೆ ಮೂಕ ಮಗು ಎಂದು ಉದ್ದವಾದ ಪಟ್ಟಿಯೇ ಇದೆ. ಮಾತಿಲ್ಲದ ಮಗುವಿನ ಕಾರಣವನ್ನು ಬೀಜದಲ್ಲಿ ಹುಡುಕುವ ಇಂದಿನ ಸಂಶೋಧನೆಯನ್ನು ಸುಶ್ರುತನಲ್ಲಿ ಕಾಣುವವರು ಈ ವರ್ಗೀಕರಣವನ್ನು ಓದಿದಂತೆ ತೋರುವುದಿಲ್ಲ. ಚರಕನ ಆ ಪಟ್ಟಿಯ ಕೊನೆಯಲ್ಲಿ, ತಂದೆಯ ಕಡೆಯ ಶುಕ್ರದೋಷಗಳನ್ನೂ ತಾಯಿಯ ಅಪಚಾರಗಳಿಂದಲೇ ಊಹಿಸಿಕೊಳ್ಳತಕ್ಕದ್ದೆಂಬ ಒಂದು ಚಿಕ್ಕ ವಾಕ್ಯವಿದೆ. ಗ್ರಂಥಕಾರನು ತಂದೆಯನ್ನು ಬಿಟ್ಟಿರಲಿಲ್ಲ. ತಾಯಿಯ ಪಟ್ಟಿಯು ಮನೆಮನೆಯ ಬಾಯಲ್ಲಿ ಉಳಿಯಿತು, ತಂದೆಯ ವಾಕ್ಯವು ಪುಸ್ತಕದಲ್ಲಿಯೇ ಉಳಿಯಿತು. ಬೆಟ್ಟೆಲ್‌ಹೈಮನ ವಾದವು ಹೊಳಲಿಗೆ ಬಂದು ಮುಟ್ಟಬೇಕಾದ ಅಗತ್ಯವೇ ಇರಲಿಲ್ಲ. ಅದರ ದೇಶೀಯ ರೂಪವು ಮೊದಲೇ ಅಲ್ಲಿತ್ತು.

ಸ್ವಲೀನತೆ ಎಂಬ ಶಬ್ದದ ಮೇಲೆಯೂ ಆಕ್ಷೇಪವಿಲ್ಲದೆ ಇಲ್ಲ. ಲೀ ಧಾತುವಿಗೆ ಅಂಟಿಕೊಳ್ಳುವುದು, ಕರಗಿಹೋಗುವುದು ಎಂದರ್ಥ. ತನ್ನಲ್ಲಿ ತಾನು ಕರಗಿದವನೆಂದರೆ ಕನ್ನಡದ ಕಿವಿಗೆ ಯೋಗಿಯೆಂದು ಕೇಳಿಸುತ್ತದೆ. 'ಸ್ವ' ಎಂಬುದರ ಮೇಲೆ ಒತ್ತು ಬಿದ್ದರೆ ಸ್ವಾರ್ಥಿಯೆಂದು. ಆ ಮಗುವು ಎರಡೂ ಅಲ್ಲ. ಆದರೆ ಈ ದೋಷವು ಅನುವಾದಕನದಲ್ಲ. ೧೯೧೧ರ ಗ್ರಂಥದಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರನು ಬೇರೊಂದು ಚಿತ್ತರೋಗದ ಲಕ್ಷಣಕ್ಕೆ ಇಟ್ಟ ಗ್ರೀಕ್ ಹೆಸರಿನಲ್ಲಿಯೇ ಅದು ಇದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಈ ಸ್ಥಿತಿಯು ಪ್ರತ್ಯೇಕವಾಗಿ ಎಣಿಸಲ್ಪಟ್ಟ ಮೇಲೆ, ಮಗುವಿಗೆ ಸಲ್ಲತಕ್ಕ ಸೌಲಭ್ಯವು ಹೆಸರನ್ನು ಅವಲಂಬಿಸಿರುವುದರಿಂದ, ಈಗ ಅದನ್ನು ಕದಲಿಸುವುದು ಯುಕ್ತವಲ್ಲ.

ವಂಶವಾಹಿಯ ವಿಷಯ ಹಾಗಲ್ಲ. ಅದರ ಸ್ಥಳದಲ್ಲಿ 'ಜೀನು' ಎಂಬುದನ್ನೇ ಬಳಸುವುದು ಲೇಸು. ಕನ್ನಡದಲ್ಲಿ ಜೀನು ಎಂದರೆ ಕುದುರೆಯ ತಡಿ, ಜೀನನೆಂದರೆ ಜಿಪುಣ ಎಂದು ಕೆಲವರು ನಗಬಹುದು. ಸೈಂಧವವನ್ನು ತಾ ಎಂದಾಗ ಊಟಕ್ಕೆ ಕುಳಿತವನಿಗೆ ಉಪ್ಪನ್ನೂ ಪಯಣಕ್ಕೆ ನಿಂತವನಿಗೆ ಕುದುರೆಯನ್ನೂ ತಂದುಕೊಡುವಷ್ಟು ಪ್ರಕರಣಜ್ಞಾನವು ಎಲ್ಲ ಭಾಷೆಯವರಿಗೂ ಉಂಟು. ಆಸ್ಪತ್ರೆಯಲ್ಲಿ ಯಾರೂ ತಡಿಯನ್ನು ಕೇಳುವುದಿಲ್ಲ. ಅದಕ್ಕೆ ತದ್ಧಿತವನ್ನು ಹಚ್ಚಿ 'ಜೈನಿಕ' ಎಂದು ಮಾಡಹೊರಟರೆ ಮಾತ್ರ ಜಿನಮತದವರ ನೆನಪು ಬರುವುದರಿಂದ 'ಜೀನುಸಂಬಂಧಿ' ಎಂದರೆ 

ಸಾಕು. ಮುಖ್ಯವಾದದ್ದು ಎರಡು ಅರ್ಥಗಳನ್ನು ಬೇರ್ಪಡಿಸುವುದು. ಇಂಗ್ಲಿಷಿನಲ್ಲಿ ಜೀನಿಗೆ ಸಂಬಂಧಪಟ್ಟದ್ದಕ್ಕೂ ತಲೆಮಾರಿನಿಂದ ಇಳಿದುಬಂದದ್ದಕ್ಕೂ ಬೇರೆ ಬೇರೆ ಶಬ್ದಗಳಿವೆ. ಕನ್ನಡದಲ್ಲಿ ಎರಡಕ್ಕೂ 'ಆನುವಂಶಿಕ' ಎಂದೇ ಬರೆಯುತ್ತಾರೆ. ಇಳಿದುಬಂದದ್ದಕ್ಕೆ ಮಾತ್ರ ಆನುವಂಶಿಕವೆಂಬುದನ್ನು ಮೀಸಲಿಟ್ಟು, ಮಗುವಿನಲ್ಲಿಯೇ ಮೊದಲು ತೋರಿದ್ದನ್ನು 'ಹೊಸಹುಟ್ಟಿನ ವ್ಯತ್ಯಾಸ' ಎಂದರೆ ಹೊಳಲಿನ ಪಡಸಾಲೆಯಲ್ಲಿಯೂ ಅರ್ಥವಾಗುತ್ತದೆ. ವಿಕೃತಿ, ದೋಷ ಎಂಬವನ್ನು ಆದಷ್ಟು ಬಿಡುವುದು ಒಳ್ಳೆಯದು. ವರ್ಣತಂತು ಎಂಬುದಕ್ಕೆ ಈ ಆಕ್ಷೇಪಗಳಾವುವೂ ತಟ್ಟುವುದಿಲ್ಲ; ಬಣ್ಣವನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ಕಾಣಿಸಿಕೊಂಡ ವಸ್ತುವಿಗೆ ೧೮೮೮ರಲ್ಲಿ ವಾಲ್ಡಯರನು ಕೊಟ್ಟ ಹೆಸರಿನ ನೇರವಾದ ಅನುವಾದ ಅದು, ಅದನ್ನು ಬದಲಿಸಲು ಕಾರಣವಿಲ್ಲ.